ಪಟ್ಟಿಯಲ್ಲಿ ಹತ್ತೊಂಬತ್ತನೆಯ ಪ್ರಶ್ನೆ

ಆ ದಿನದ ಚುಕ್ಕೆ ಗುರುತಿನ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ, ಪ್ರಶ್ನೆಗಳ ಪಟ್ಟಿಯಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮ ಅಧ್ಯಾಪಕ ಹುದ್ದೆಗಳ ವಿಷಯ 19ನೆಯದಾಗಿತ್ತು. ಪಟ್ಟಿ ಕೈಗೆ ಬಂದ ಕೂಡಲೇ, ಇದು ಸದನದಲ್ಲಿ ಬಾಯಿಮಾತಿನ ಉತ್ತರಕ್ಕೆ ಬರುವುದಿಲ್ಲ ಎಂದು ಗೊತ್ತಾಗಿ ಹೋಗಿತ್ತು. ಕೇರಳ ನಿಯಮಸಭೆಯ (ವಿಧಾನಸಭೆಯ) ಕಲಾಪ ಬೆಳಿಗ್ಗೆ 9ಕ್ಕೆ ಆರಂಭ, ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ. ದಿನದ ಪಟ್ಟಿಯಲ್ಲಿ 30 ಪ್ರಶ್ನೆಗಳು. ಲೆಕ್ಕ ಹಾಕಿದರೆ ಒಂದಕ್ಕೆ ಎರಡು ನಿಮಿಷ. ಆದರೆ ಸಚಿವರು ಮೂಲ ಉತ್ತರ ಓದಿ, ಕೇಳಿದ ಸದಸ್ಯರು ಒಬ್ಬೊಬ್ಬರಾಗಿ ಉಪಪ್ರಶ್ನೆ ಹಾಕಿ, ಅದರ ಮೇಲೆ ಬೇರೆಯವರೂ ಎದ್ದುನಿಂತರೆ ಒಂದೇ ಪ್ರಶ್ನೆ ಹತ್ತು ಹದಿನೈದು ನಿಮಿಷ ನುಂಗುತ್ತದೆ. ಗಂಟೆ ಹತ್ತಾಗುವಾಗ ನಾಲ್ಕೈದು ಪ್ರಶ್ನೆ ದಾಟಿದರೆ ಅದೇ ದೊಡ್ಡದು. ಉಳಿದವುಗಳ ಉತ್ತರಗಳನ್ನು ಲಿಖಿತವಾಗಿ ಸದನದ ಮೇಜಿನ ಮೇಲಿಡುತ್ತಾರೆ.

ಮಂಜೇಶ್ವರ, ಕುಂಬಳೆ ಕಡೆಯಿಂದ ಹಿಂದಿನ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯೆಲ್ಲ ಕೂತು ಬಂದ ರಕ್ಷಕ ಶಿಕ್ಷಕ ಸಂಘದವರಿಗೆ ಇದನ್ನು ಹೇಳುವುದು ಕಷ್ಟದ ಕೆಲಸ. ಶಾಸಕರ ಶಿಫಾರಸಿನ ಮೇಲೆ ಪಾಸು ಮಾಡಿಸಿ, ಮೊಬೈಲು ಹೊರಗಿಟ್ಟು, ಗ್ಯಾಲರಿಯಲ್ಲಿ ಕೂತು ಕಾಯುತ್ತಾರೆ. ಹತ್ತು ಗಂಟೆಗೆ ಸಭಾಧ್ಯಕ್ಷರು ಪ್ರಶ್ನೋತ್ತರ ವೇಳೆ ಮುಗಿಯಿತೆಂದು ಹೇಳಿದಾಗ ಮುಖ ಸಣ್ಣದಾಗುತ್ತದೆ. ನನ್ನ ಅಭಿಪ್ರಾಯ ಬೇರೆ. ನಮ್ಮಂಥ ಗಡಿ ಜಿಲ್ಲೆಯವರಿಗೆ ಬಾಯಿಮಾತಿನ ಉತ್ತರಕ್ಕಿಂತ ಬರೆದು ಕೊಟ್ಟ ಉತ್ತರವೇ ಹೆಚ್ಚು ಬೆಲೆಯದು. ಶಾಲೆಯ ಹೆಸರು, ಹುದ್ದೆಯ ಸಂಖ್ಯೆ, ತಾರೀಕು ಎಲ್ಲ ಇರುವ, ಸಚಿವರ ಹೆಸರಿನಲ್ಲಿ ಸದನಕ್ಕೆ ಸಲ್ಲಿಸಿದ ಕಾಗದವನ್ನು ನಾಳೆ ಯಾವ ಅಧಿಕಾರಿಯೂ ಅಲ್ಲಗಳೆಯಲಾರ. ಅಂಥ ಉತ್ತರ ಬರಬೇಕಾದರೆ ಪ್ರಶ್ನೆಯನ್ನು ಸರಿಯಾಗಿ ಕಟ್ಟಿರಬೇಕು. ನಮ್ಮ ಹೆಚ್ಚಿನ ಪ್ರಶ್ನೆಗಳು ಸೋಲುವುದು ಸದನದಲ್ಲಲ್ಲ, ಬರೆಯುವ ಮೇಜಿನಲ್ಲಿ.

ಊರಿನಿಂದ ಶಾಸಕರ ಕಚೇರಿಗೆ ಬರುವ ಮನವಿಗಳ ಭಾಷೆ ನೋಡಿ. "ಗಡಿನಾಡಿನ ಕನ್ನಡ ಶಾಲೆಗಳಿಗೆ ಆಗುತ್ತಿರುವ ಅನ್ಯಾಯ ಸರಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಏನು ಕ್ರಮ ಕೈಗೊಳ್ಳಲಾಗಿದೆ?" ನೋವು ನಿಜ. ಆದರೆ ಇದನ್ನು ಹಾಗೆಯೇ ಕಳುಹಿಸಿದರೆ ಬರುವ ಉತ್ತರ ಎರಡೇ ಸಾಲು: ಗಮನಕ್ಕೆ ಬಂದಿಲ್ಲ, ಎರಡನೆಯ ಪ್ರಶ್ನೆ ಅನ್ವಯಿಸುವುದಿಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು. ಅಷ್ಟೇ ಅಲ್ಲ, ಪ್ರಶ್ನೆಯಲ್ಲಿ ವಾದ, ಊಹೆ, ಆರೋಪ, ವ್ಯಂಗ್ಯ ಇರಬಾರದೆಂಬ ನಿಯಮವೂ ಇದೆ. ಲೋಕಸಭೆಯಲ್ಲಿ 41ನೆಯ ನಿಯಮ ಇದನ್ನು ಬಿಡಿಸಿ ಹೇಳುತ್ತದೆ: ಪ್ರಶ್ನೆ 150 ಪದ ಮೀರಬಾರದು, ಅಭಿಪ್ರಾಯ ಕೇಳಬಾರದು, ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ವಿಷಯ ಎತ್ತಬಾರದು, ಸುಲಭವಾಗಿ ಸಿಗುವ ದಾಖಲೆಯಲ್ಲಿ ಇರುವುದನ್ನೇ ಕೇಳಬಾರದು. ರಾಜ್ಯದ ಸದನಗಳ ಧಾಟಿಯೂ ಇದೇ. "ಅನ್ಯಾಯ" ಎಂಬ ಪದವೇ ಪ್ರಶ್ನೆಯನ್ನು ನಿಯಮಸಭೆಯ ಸಚಿವಾಲಯದ ಮೇಜಿನಲ್ಲಿ ತಡೆಯಲು ಸಾಕು.

19ನೆಯ ಪ್ರಶ್ನೆಯನ್ನು ಕಟ್ಟಿದ ಬಗೆ ಹೇಳುತ್ತೇನೆ. ಮೊದಲು ಜಾಗವನ್ನು ಗೆರೆ ಎಳೆದಂತೆ ಗುರುತಿಸಬೇಕು. "ಗಡಿ ಪ್ರದೇಶ" ಅಂದರೆ ಯಾವುದು ಬೇಕಾದರೂ ಆದೀತು. ಕಾಸರಗೋಡು ಕಂದಾಯ ಜಿಲ್ಲೆಯಲ್ಲಿ ಕಾಸರಗೋಡು, ಕಾಞಂಗಾಡು ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳು, ಒಟ್ಟು ಏಳು ಉಪಜಿಲ್ಲೆಗಳು. ಕನ್ನಡ ಮಾಧ್ಯಮ ಹೆಚ್ಚಾಗಿರುವುದು ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ. ಆ ಮೂರರ ಹೆಸರನ್ನೇ ಬರೆಯಬೇಕು.

ಆಮೇಲೆ "ಕನ್ನಡ ಅಧ್ಯಾಪಕರು" ಯಾರೆಂದು ಬಿಡಿಸಬೇಕು. ಕನ್ನಡವನ್ನು ಭಾಷೆಯಾಗಿ ಕಲಿಸುವವರು ಬೇರೆ, ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಸಮಾಜ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವವರು ಬೇರೆ. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢ ವಿಭಾಗಗಳು ಬೇರೆಬೇರೆ. ಒಂದೇ ಶಾಲೆಯಲ್ಲಿ ಮಲಯಾಳ ಮತ್ತು ಕನ್ನಡ ಡಿವಿಷನ್‌ಗಳು ಅಕ್ಕಪಕ್ಕ ಇರುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಶಾಲೆಯ ಒಟ್ಟು ಲೆಕ್ಕ ಕೇಳಿದರೆ ಮಲಯಾಳ ಡಿವಿಷನ್ನಿನ ಭರ್ತಿಯಾದ ಹುದ್ದೆಗಳ ಅಡಿಯಲ್ಲಿ ಕನ್ನಡ ಡಿವಿಷನ್ನಿನ ಖಾಲಿ ಹುದ್ದೆ ಕಾಣದೇ ಹೋಗುತ್ತದೆ. ಸರಕಾರಿ ಶಾಲೆ, ಅನುದಾನಿತ ಶಾಲೆಗಳನ್ನೂ ಒಂದೇ ಪ್ರಶ್ನೆಯಲ್ಲಿ ಬೆರೆಸಬಾರದು. ಸರಕಾರಿ ಹುದ್ದೆಗೆ ನೇಮಕ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ. ಅನುದಾನಿತದಲ್ಲಿ ನೇಮಿಸುವುದು ಮ್ಯಾನೇಜರ್, ಅನುಮೋದನೆ ಶಿಕ್ಷಣಾಧಿಕಾರಿಯದು, ಸಂಬಳ ಸರಕಾರದ್ದು. ತೊಂದರೆ ಎರಡು ಕಡೆಯೂ ಇರಬಹುದು, ಆದರೆ ಕಾರಣ ಬೇರೆ.

ನಂತರದ್ದೇ ಪ್ರಶ್ನೆಯ ತಿರುಳು. ಒಂದು ಸಂಖ್ಯೆ ಕೇಳಿದರೆ ಸಾಲದು, ಮೂರು ಕೇಳಬೇಕು. ಮಂಜೂರಾದ ಹುದ್ದೆ ಎಷ್ಟು. ಇಂಥ ತಾರೀಕಿಗೆ ಅದರಲ್ಲಿ ಖಾಲಿ ಎಷ್ಟು, ಎಷ್ಟರಲ್ಲಿ ದಿನವೇತನದವರು ಕೆಲಸ ಮಾಡುತ್ತಿದ್ದಾರೆ. ಖಾಲಿಯಾದವುಗಳಲ್ಲಿ ಪಿಎಸ್‌ಸಿಗೆ ವರದಿ ಮಾಡಿದ್ದು ಎಷ್ಟು, ಪ್ರತಿಯೊಂದರ ವರದಿಯ ತಾರೀಕು ಯಾವುದು. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಗುಟ್ಟು ಇರುವುದು ಅಲ್ಲೇ. ಇಲಾಖೆ ವರದಿ ಮಾಡದ ಹುದ್ದೆಗೆ ಪಿಎಸ್‌ಸಿ ಯಾರನ್ನೂ ಶಿಫಾರಸು ಮಾಡಲಾಗದು. ರ‍್ಯಾಂಕ್ ಪಟ್ಟಿಗೆ ಹೆಚ್ಚೆಂದರೆ ಮೂರು ವರ್ಷ ಆಯುಸ್ಸು. ವರದಿ ತಡವಾದರೆ ಪಟ್ಟಿ ಸಾಯುತ್ತದೆ, ಪಟ್ಟಿಯಲ್ಲಿದ್ದ ಹುಡುಗಿ ವಯಸ್ಸು ಮೀರಿ ಮನೆಯಲ್ಲಿ ಕೂರುತ್ತಾಳೆ, ತರಗತಿಯಲ್ಲಿ ದಿನವೇತನದವರು ಬದಲಾಗುತ್ತಲೇ ಇರುತ್ತಾರೆ. ಕಷ್ಟಪಟ್ಟು ಕನ್ನಡದಲ್ಲಿ ಬಿ.ಎಡ್. ಮುಗಿಸಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಇನ್ನೊಂದು ಕಾರಣವನ್ನೂ ಪ್ರಶ್ನೆಯಲ್ಲಿ ಹಿಡಿಯಬೇಕು. ಮೀಸಲಾತಿಯ ಸರದಿಯಲ್ಲಿ ಆ ಸಮುದಾಯದ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆಯನ್ನು ಎನ್‌ಸಿಎ (ಅಭ್ಯರ್ಥಿ ಲಭ್ಯವಿಲ್ಲ) ಎಂದು ಬೇರೆ ಇಟ್ಟು, ಮತ್ತೆ ಅಧಿಸೂಚನೆ ಹೊರಡಿಸುತ್ತಾರೆ. ದೊಡ್ಡ ಪಟ್ಟಿಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕನ್ನಡ ಮಾಧ್ಯಮದಂಥ ಚಿಕ್ಕ ಪಟ್ಟಿಯಲ್ಲಿ ಅಭ್ಯರ್ಥಿಗಳೇ ಕಡಿಮೆ, ಆದ್ದರಿಂದ ಒಂದೊಂದು ಸರದಿಯೂ ಅಧಿಸೂಚನೆಯಿಂದ ಅಧಿಸೂಚನೆಗೆ ಮುಂದೆ ಹೋಗುತ್ತದೆ. ಮೀಸಲಾತಿ ಬೇಡವೆಂದು ಇದರರ್ಥ ಅಲ್ಲ. ಎನ್‌ಸಿಎಯಲ್ಲಿ ನಿಂತಿರುವ ಹುದ್ದೆಗಳ ಸಂಖ್ಯೆ ಬೇರೆಯಾಗಿ ಬಂದರೆ, ಮುಂದಿನ ಅಧಿಸೂಚನೆ ಯಾವಾಗ ಎಂದು ಕೇಳಲು ದಾರಿಯಾಗುತ್ತದೆ.

ಹುದ್ದೆ ನಿರ್ಣಯದ ವರ್ಷವನ್ನೂ ಬರೆಯದೇ ಬಿಡಬಾರದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಆ ವರ್ಷದ ಹುದ್ದೆಗಳು ನಿರ್ಣಯವಾಗುತ್ತವೆ. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು ಎಂಬ ಲೆಕ್ಕ. ಆರನೆಯ ದಿನ ದಾಟಿದ ಮೇಲೆ ಸೇರಿದ ಮಗು ಈ ಲೆಕ್ಕಕ್ಕೆ ಬರುವುದಿಲ್ಲ. ಜೂನ್ ಮಳೆಯಲ್ಲಿ ಹೊಳೆ ದಾಟಿ ಬರಬೇಕಾದ ಮಕ್ಕಳ ಶಾಲೆಗೆ ಇದು ಎಷ್ಟು ಮುಖ್ಯವೆಂದು ಅಲ್ಲಿನ ಹೆಡ್‌ಮಾಸ್ಟ್ರಿಗೆ ಗೊತ್ತು. ಹಿಂದಿನ ವರ್ಷದ ನಿರ್ಣಯದ ಸಂಖ್ಯೆ ಕೊಟ್ಟು ಈ ವರ್ಷದ್ದೆಂದು ಓದಿಸುವ ಉತ್ತರಗಳೂ ಬರುತ್ತವೆ. ವರ್ಷ ನಮೂದಿಸಿದರೆ ಆ ಸಂದು ಮುಚ್ಚುತ್ತದೆ.

ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ ವಿಷಯದಲ್ಲಿ ಕಾಸರಗೋಡಿನಲ್ಲಿ ಹೋರಾಟಗಳು ಎಷ್ಟೋ ಸಲ ನಡೆದಿವೆ. ಅದನ್ನೂ ಸದನದಲ್ಲಿ ಕೇಳಬಹುದು, ಆದರೆ ಯಾವ ಅಧ್ಯಾಪಕರ ಹೆಸರೂ ಎತ್ತದೆ. ಆ ಹುದ್ದೆಗೆ ನಿಗದಿಯಾದ ಅರ್ಹತೆಯಲ್ಲಿ ಕನ್ನಡದ ಷರತ್ತು ಏನಿದೆ, ಆ ಅರಿವನ್ನು ಯಾವ ಹಂತದಲ್ಲಿ ಯಾರು ಪರೀಕ್ಷಿಸುತ್ತಾರೆ, ವಿಶೇಷ ನಿಯಮದಲ್ಲಿ ತಿದ್ದುಪಡಿಯ ಪ್ರಸ್ತಾವ ಇದೆಯೇ ಎಂದು ಕೇಳಿದರೆ ಉತ್ತರ ನೀತಿಯ ಮೇಲೆ ಬರುತ್ತದೆ. ವ್ಯಕ್ತಿಯ ಮೇಲೆ ಕೇಳಿದ್ದು ಹೇಗೂ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಪಾಠ ಮಾಡಲು ಬಂದ ಆ ಅಧ್ಯಾಪಕರೂ ಈ ಗೊಂದಲವನ್ನು ಬೇಡಿ ಬಂದವರಲ್ಲ.

ಪ್ರಶ್ನೆ ಸ್ವೀಕಾರವಾದ ಮೇಲಿನ ದಾರಿ ಹೀಗೆ: ನಿಯಮಸಭೆಯ ಸಚಿವಾಲಯದಿಂದ ಸಾರ್ವಜನಿಕ ಶಿಕ್ಷಣ ಇಲಾಖೆಗೆ, ಅಲ್ಲಿಂದ ನಿರ್ದೇಶಕರ ಕಚೇರಿಗೆ, ಕಾಸರಗೋಡಿನ ಉಪನಿರ್ದೇಶಕರಿಗೆ, ಜಿಲ್ಲಾ ಮತ್ತು ಉಪಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ, ಕೊನೆಗೆ ಶಾಲೆಗೆ. ಶಾಲೆಗೆ ತಲಪುವಾಗ ಅದು ಒಂದು ಫೋನ್ ಕರೆಯಾಗಿರುತ್ತದೆ: "ಮಾಸ್ಟ್ರೇ, ಅಸೆಂಬ್ಲಿ ಪ್ರಶ್ನೆ ಉಂಟು, ನಾಲ್ಕು ಗಂಟೆಯೊಳಗೆ ಲೆಕ್ಕ ಬೇಕು." ಕೆಲವು ಶಾಲೆಗಳು ಭರ್ತಿ ಮಾಡುತ್ತವೆ, ಕೆಲವು ಬಿಡುತ್ತವೆ. ದಿನವೇತನದವರು ಇರುವ ಹುದ್ದೆಯನ್ನು ಒಬ್ಬರು ಖಾಲಿ ಎಂದು ಬರೆದರೆ ಇನ್ನೊಬ್ಬರು ಭರ್ತಿ ಎಂದು ಬರೆಯುತ್ತಾರೆ. ಮೇಲೆ ಹೋಗಿ ಕೂಡಿಸಿದಾಗ ಮೊತ್ತ ತಪ್ಪುತ್ತದೆ. ಅದಕ್ಕಾಗಿಯೇ ಪ್ರಶ್ನೆಯಲ್ಲಿ ದಿನವೇತನದ ಕಾಲಂ ಬೇರೆ ಕೇಳುವುದು. ಪ್ರಶ್ನೆ ಹೋದ ದಿನವೇ ಆ ಮೂರು ಉಪಜಿಲ್ಲೆಗಳ ಹೆಡ್‌ಮಾಸ್ಟ್ರುಗಳಿಗೆ ರಕ್ಷಕ ಶಿಕ್ಷಕ ಸಂಘದ ಮೂಲಕ ಮೊದಲೇ ತಿಳಿಸಿಟ್ಟರೆ ಲೆಕ್ಕ ಸಿದ್ಧವಿರುತ್ತದೆ. ಇಷ್ಟು ಸಣ್ಣ ಕೆಲಸದಿಂದ ಉತ್ತರದ ಗುಣವೇ ಬದಲಾಗುತ್ತದೆ.

ಆದರೂ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬ ಒಂದೇ ಸಾಲು ಬರುವುದುಂಟು. ಜನ ಅಲ್ಲಿಗೇ ಕೈಬಿಡುತ್ತಾರೆ. ಬಿಡಬಾರದು. ಅದು ಬಾಕಿಯ ಒಪ್ಪಿಗೆ. ಪ್ರಶ್ನೆಯ ಸಂಖ್ಯೆ, ತಾರೀಕು ಬರೆದಿಟ್ಟುಕೊಂಡು, ಪೂರ್ಣ ಉತ್ತರ ಕೊಡಿಸಬೇಕೆಂದು ಶಾಸಕರಿಂದ ಸಭಾಧ್ಯಕ್ಷರಿಗೆ ಪತ್ರ ಕೊಡಿಸಬೇಕು. ಮುಂದಿನ ಅಧಿವೇಶನದಲ್ಲಿ ಆ ಸಂಖ್ಯೆಯನ್ನೇ ಉಲ್ಲೇಖಿಸಿ, ಮಾಹಿತಿ ಸಂಗ್ರಹ ಪೂರ್ತಿಯಾಯಿತೇ ಎಂದು ಮತ್ತೆ ಕೇಳಬೇಕು. ಉತ್ತರದಲ್ಲಿ "ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ. ಅಂಥವನ್ನು ಬೆನ್ನಟ್ಟಲು ಸರಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ. "ಪರಿಶೀಲನೆಯಲ್ಲಿದೆ" ಎಂದಿದ್ದರೆ ಹಿಡಿತ ಸಡಿಲ. ಯಾವ ಕಡತ, ಯಾವ ಹಂತ ಎಂದು ಇನ್ನೊಮ್ಮೆ ಕೇಳಬೇಕಾಗುತ್ತದೆ.

ಒಂದು ವೇಳೆ ಪ್ರಶ್ನೆ ಮೇಲಿನ ಸಾಲಿನಲ್ಲಿ ಬಂದು ಉಪಪ್ರಶ್ನೆಗೆ ಅವಕಾಶ ಸಿಕ್ಕಿದರೆ, ಅದು ಒಂದೇ ವಾಕ್ಯದಲ್ಲಿರಬೇಕು. ಗಡಿನಾಡಿನ ಚರಿತ್ರೆ, 1956ರ ನವೆಂಬರ್ 1, ಮಹಾಜನ ಆಯೋಗದ ವರದಿ ಎಂದು ಪೀಠಿಕೆ ಹಾಕಿದರೆ ಸಭಾಧ್ಯಕ್ಷರು "ಪ್ರಶ್ನೆಗೆ ಬನ್ನಿ" ಎನ್ನುತ್ತಾರೆ, ಸಮಯ ಮುಗಿಯುತ್ತದೆ. ಆ ಚರಿತ್ರೆ ನಮಗೆ ದೊಡ್ಡದು, ಅದಕ್ಕೆ ಬೇರೆ ಚರ್ಚೆಗಳಿವೆ. ಇಲ್ಲಿ ಕೇಳಬೇಕಾದ್ದು: "ವರದಿ ಮಾಡದೆ ಉಳಿದ ಹುದ್ದೆಗಳನ್ನು ಯಾವ ತಾರೀಕಿನೊಳಗೆ ಪಿಎಸ್‌ಸಿಗೆ ವರದಿ ಮಾಡುತ್ತೀರಿ?" ಅಧಿಕಾರಿಗಳು ತಮ್ಮ ಗ್ಯಾಲರಿಯಿಂದ ಸಚಿವರಿಗೆ ಚೀಟಿ ಕಳುಹಿಸುವುದರೊಳಗೆ ತಾರೀಕು ಅಥವಾ ತಾರೀಕಿಲ್ಲ ಎಂಬ ಸತ್ಯ ಹೊರಬೀಳುತ್ತದೆ.

ಭಾಷೆಯ ಮಾತು ಚಿಕ್ಕದಾಗಿ. ಸಂವಿಧಾನದ 210ನೆಯ ವಿಧಿಯಂತೆ ರಾಜ್ಯದ ಅಧಿಕೃತ ಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲೂ ಚೆನ್ನಾಗಿ ಮಾತನಾಡಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಮಂಜೇಶ್ವರದಿಂದ ಗೆದ್ದವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದ್ದೇವೆ. ಪ್ರಶ್ನೆಯನ್ನು ಮಾತ್ರ ಮಲಯಾಳದಲ್ಲಿ ಕೊಡುವುದೇ ಒಳ್ಳೆಯದು, ಕಡತ ಎಲ್ಲೂ ಅನುವಾದಕ್ಕೆ ನಿಲ್ಲುವುದಿಲ್ಲ. ಉತ್ತರ ಬಂದ ಮೇಲೆ ಅದನ್ನು ಕನ್ನಡ ಮಾಡಿ ಊರಿನ ಪತ್ರಿಕೆಗೆ, ಶಾಲೆಯ ಸಭೆಗೆ ಕೊಡುವ ಹೊಣೆ ನಮ್ಮದು.

ಯಾರನ್ನು ಕೇಳಬೇಕೆಂಬಲ್ಲಿಯೂ ಎಡವುವವರು ಬಹಳ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆ, ಉಪ್ಪಳ ನಿಲ್ದಾಣದಲ್ಲಿ ರೈಲು ನಿಲುಗಡೆ, ಇವೆಲ್ಲ ಕೇಂದ್ರದ ವಿಷಯ. ನಿಯಮಸಭೆಯಲ್ಲಿ ಕೇಳಿದರೆ ಕೇಂದ್ರಕ್ಕೆ ಪತ್ರ ಬರೆದಿದ್ದೇವೆ ಎಂಬ ಉತ್ತರ ಮಾತ್ರ ಸಿಗುತ್ತದೆ. ಅವನ್ನು ಸಂಸದರ ಮೂಲಕ ಲೋಕಸಭೆಗೆ ಒಯ್ಯಬೇಕು. ಅಲ್ಲಿ ಕಡಿಮೆಯೆಂದರೆ 15 ಪೂರ್ಣ ದಿನ ಮುಂಚೆ ಸೂಚನೆ ಕೊಡಬೇಕು, ದಿನಕ್ಕೆ ಚುಕ್ಕೆ ಗುರುತಿನವು 20, ಲಿಖಿತ ಉತ್ತರದವು 230. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನೆರವು ಎಷ್ಟು ಬಂತೆಂದು ಕೇರಳದ ಸಚಿವರನ್ನು ಕೇಳಿ ಫಲವಿಲ್ಲ, ಅದಕ್ಕೆ ದಕ್ಷಿಣ ಕನ್ನಡದ ಶಾಸಕರು ಬೆಂಗಳೂರಿನಲ್ಲಿ ಕೇಳಬೇಕು.

ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರ ವಿಷಯ ಇನ್ನೂ ಸೂಕ್ಷ್ಮ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಅದು ಎಲ್ಲರಿಗೂ ತಲಪಲು ವರ್ಷಗಳೇ ಬೇಕಾದವು. ಆದರೆ ಚಿಕಿತ್ಸೆ ಆರೋಗ್ಯ ಇಲಾಖೆಯದು, ಸ್ನೇಹಸಾಂತ್ವನಂ ಪಿಂಚಣಿ ಸಾಮಾಜಿಕ ನ್ಯಾಯ ಇಲಾಖೆಯದು, ಪರಿಹಾರದ ಹಣ ಜಿಲ್ಲಾಧಿಕಾರಿಯ ಕಚೇರಿಯಿಂದ. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ತುಂಬಿದರೆ ಒಬ್ಬ ಸಚಿವರು ತಮ್ಮ ಪಾಲಿನದನ್ನು ಹೇಳಿ ಉಳಿದದ್ದು ತಮಗೆ ಸಂಬಂಧಿಸಿದ್ದಲ್ಲ ಎನ್ನುತ್ತಾರೆ. ಮೂರು ಪ್ರಶ್ನೆ ಮಾಡಿ, ಮೂವರಿಗೂ ಪಂಚಾಯತುವಾರು ಲೆಕ್ಕವನ್ನು ಒಂದೇ ತಾರೀಕಿಗೆ ಕೇಳಬೇಕು. ಆಗ ಎಣ್ಮಕಜೆಯ ಪಟ್ಟಿಯಲ್ಲಿರುವವರ ಸಂಖ್ಯೆಯನ್ನೂ ಪಿಂಚಣಿ ಸಿಗುವವರ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬಿಟ್ಟುಹೋದ ಮಗುವಿನ ಮನೆ ಯಾವುದೆಂದು ಹುಡುಕಲು ಆ ವ್ಯತ್ಯಾಸವೇ ಸಾಕು.

19ನೆಯ ಪ್ರಶ್ನೆಯ ಉತ್ತರ ಅನುಬಂಧದೊಂದಿಗೆ ಬಂತು. ಶಾಲಾವಾರು ಪಟ್ಟಿ, ಖಾಲಿ ಹುದ್ದೆಯ ಕಾಲಂ, ವರದಿಯ ತಾರೀಕಿನ ಕಾಲಂ. ಕೆಲವು ಶಾಲೆಗಳ ಎದುರು ತಾರೀಕಿನ ಜಾಗ ಖಾಲಿ ಇತ್ತು. ಆ ಶಾಲೆಗಳ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿ, ಪ್ರಶ್ನೆಯ ಸಂಖ್ಯೆ ಸಮೇತ ಉಪನಿರ್ದೇಶಕರ ಕಚೇರಿಗೆ ಕೊಡುವ ಮನವಿಯನ್ನು ಸಂಘದವರು ಊರಿಗೆ ರೈಲು ಹತ್ತುವ ಮುಂಚೆಯೇ ಬರೆದು ಮುಗಿಸಿದರು. ಮುಂದಿನ ಅಧಿವೇಶನಕ್ಕೆ ಕೇಳಬೇಕಾದದ್ದೂ ಆ ಹಾಳೆಯ ಹಿಂಬದಿಯಲ್ಲೇ ಇತ್ತು: ಇಷ್ಟು ಶಾಲೆಗಳು, ಇಷ್ಟು ಹುದ್ದೆಗಳು, ವರದಿ ಮಾಡಿದ ತಾರೀಕು ಯಾವುದು.