ಗಡಿಯಾರ ಹೇಳಿದ ಲೂಸ್ ಕಾಂಟ್ಯಾಕ್ಟ್

ಫ್ರೀಮಾಂಟ್, ಭಾನುವಾರ, 2 ನವೆಂಬರ್ 2025

ಅಮೆರಿಕದಲ್ಲಿ ಇಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಇಡುವ ದಿನ. ಹಾಗಾಗಿ ಕಾರಿನ ಗಡಿಯಾರ ತಪ್ಪು ಹೊತ್ತು ತೋರಿಸಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಪ್ಪ ಮಾತ್ರ ಬಗ್ಗಿ ನೋಡಿ, “ಗಂಟೆ ಹಿಂದೆ ಹೋಯಿತು ಸರಿ, ನಿಮಿಷ ಯಾಕೋ ತಪ್ಪಿದೆ?” ಎಂದರು. ತಿಪಟೂರಿನಲ್ಲಿ ಕೆಇಬಿ ಲೈನ್‌ಮನ್ ಆಗಿದ್ದವರ ಕಣ್ಣು ಅದು. ರಾತ್ರಿ ಯಾವಾಗಲೋ ಕರೆಂಟು ಹೋಗಿ ಬಂದಿದೆ ಎಂಬುದು ಅವರ ತೀರ್ಮಾನ.

ನನ್ನದು 2010ರ ಪ್ರಿಯಸ್, ಪೆಟ್ರೋಲ್ ಇಂಜಿನ್ನೂ ಬ್ಯಾಟರಿಯ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರು. ಬಟನ್ ಒತ್ತಿದರೆ ದೀಪಗಳು ಮಿಣುಕಿದವು, ಒಳಗೆಲ್ಲೋ ಟಿಕ್ ಟಿಕ್ ಎಂದಿತು, ಕಾರು ಹೊರಡಲು ಸಿದ್ಧ ಎನ್ನುವ ‘ರೆಡಿ’ ಎಂಬ ಹಸಿರು ಅಕ್ಷರ ಬರಲಿಲ್ಲ. ಹಿಂದಿನ ಸೀಟಿನ ಬೆನ್ನಿಗಿರುವ 201.6 ವೋಲ್ಟಿನ ದೊಡ್ಡ ಬ್ಯಾಟರಿಯೇ ಕೈಕೊಟ್ಟಿತೆಂದು ನಾನು ಡಾಲರ್ ಲೆಕ್ಕ ಹಾಕತೊಡಗಿದೆ. ಈ ಕಾರಿಗೆ ಮಾಮೂಲಿ ಸ್ಟಾರ್ಟರ್ ಇಲ್ಲ, ಇಂಜಿನ್ ತಿರುಗಿಸುವುದೂ ಆ ದೊಡ್ಡ ಬ್ಯಾಟರಿಯೇ. ಆದರೆ ಅದನ್ನು ಕಾರಿಗೆ ಜೋಡಿಸುವ ಸ್ವಿಚ್ಚಿಗೆ, ಅಂದರೆ ರಿಲೇಗೆ, ಜೀವ ಕೊಡಬೇಕಾದದ್ದು ಡಿಕ್ಕಿಯ ಬಲಮೂಲೆಯ 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಮುನಿದರೆ ದೊಡ್ಡದು ಬೀಗ ಹಾಕಿದ ಕಣಜ. ಡಿಕ್ಕಿಯ ಬಾಗಿಲೂ ಕರೆಂಟಿನದೇ! ಹಿಂದಿನ ಸೀಟು ಮಡಚಿ, ಈ ವಯಸ್ಸಿನಲ್ಲಿ ಅಂಬೆಗಾಲಿಟ್ಟು ಒಳಗೆ ಹೋದೆ.

ಮೀಟರ್ ಇಟ್ಟೆ. ಬ್ಯಾಟರಿಯ ಒಂದು ಸೀಸದ ಗೂಟದಿಂದ ಇನ್ನೊಂದಕ್ಕೆ 12.5 ವೋಲ್ಟ್, ಏನೂ ಕೊರತೆಯಿಲ್ಲ. “ಗೂಟಕ್ಕೂ ಅದರ ಮೇಲಿನ ತಂತಿಯ ಕ್ಲಾಂಪಿಗೂ ನಡುವೆ ನೋಡು, ಕಾರಿನ ದೀಪ ಹಾಕಿಕೊಂಡು” ಎಂದರು ಅಪ್ಪ, ಟಾರ್ಚ್ ಹಿಡಿದು. ಕಾಂಟ್ಯಾಕ್ಟ್ ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಪಾಸಿಟಿವ್ ಕಡೆ ಹಾಗೆಯೇ ಬಂತು. ನೆಗೆಟಿವ್ ಕಡೆ ಒಂದೂವರೆ ವೋಲ್ಟಿನ ಆಸುಪಾಸು ಓಲಾಡಿತು. ಕಪ್ಪು ತಂತಿಯ ಕ್ಲಾಂಪನ್ನು ಬೆರಳಲ್ಲಿ ಹಿಡಿದರೆ ಬಾಟಲಿಯ ಮುಚ್ಚಳದಂತೆ ತಿರುಗಿತು.

ಯಾರನ್ನು ಬೈಯಲಿ? ಹೋದ ತಿಂಗಳು ಹೊಸ ಬ್ಯಾಟರಿ ಕೂರಿಸಿದವನು ನಾನೇ. ಫೋನ್ ಬಂತೆಂದು ಎದ್ದು ಹೋದದ್ದೂ ನೆನಪಾಯಿತು. ಅಪ್ಪನಿಗೆ ಹೇಳಲಿಲ್ಲ.

ಅವರ ಕೈ ಅಷ್ಟರಲ್ಲಿ ಪಕ್ಕದ ಕಿತ್ತಳೆ ಬಣ್ಣದ ಕೇಬಲ್ಲಿನತ್ತ ಹೋಗಿತ್ತು. “ಅಪ್ಪಾ, ಅದು ಬೇಡ. ಇನ್ನೂರು ವೋಲ್ಟ್, ಡಿಸಿ.” ತಟ್ಟನೆ ಕೈ ಹಿಂದೆಗೆದರು. “ಹನ್ನೊಂದು ಕೆವಿ ಕಂಬ ಹತ್ತುವ ಮೊದಲು ಕರೆಂಟು ತೆಗೆಸಿ ಲೈನ್ ಕ್ಲಿಯರ್ ಅನುಮತಿ ತೆಗೆದುಕೊಳ್ಳುತ್ತಿದ್ದೆವು. ಇದಕ್ಕೆ ಯಾರನ್ನು ಕೇಳುವುದು?” ಇದಕ್ಕೂ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಂಬುದೊಂದಿದೆ, ಅದನ್ನು ಕಿತ್ತ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರುವ ಕೆಪಾಸಿಟರುಗಳು ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು, ಕೈಗೆ ವಿಶೇಷ ರಬ್ಬರ್ ಗ್ಲೌಸ್ ಬೇಕು ಎಂದೆ. ಗ್ಲೌಸ್ ನಮ್ಮಲ್ಲಿರಲಿಲ್ಲ. ಕಿತ್ತಳೆಯ ತಂಟೆಗೆ ಹೋಗಲಿಲ್ಲ.

ಕಾರು ಆಫ್ ಮಾಡಿ ನೆಗೆಟಿವ್ ಬಿಚ್ಚಿದೆವು. ಅಪ್ಪ ಉಂಗುರ ಕಳಚಿಟ್ಟು, ಗೂಟವನ್ನು ಉಪ್ಪುಕಾಗದದಲ್ಲಿ ಉಜ್ಜಿ, 10ರ ಸ್ಪ್ಯಾನರಿನಲ್ಲಿ ತಾವೇ ಬಿಗಿದರು. ನನ್ನ ಬಿಗಿತದ ಮೇಲೆ ಅವರಿಗೆ ನಂಬಿಕೆ ಇದ್ದಂತಿರಲಿಲ್ಲ. ಬಟನ್ ಒತ್ತಿದೊಡನೆ ‘ರೆಡಿ’ ಬಂತು.

ಬೋಲ್ಟ್ ಬಿಗಿಯಲು ಹಿಡಿದದ್ದು ಎರಡು ನಿಮಿಷ, ಗಡಿಯಾರ ಸರಿಪಡಿಸಲು ಇಪ್ಪತ್ತು. ರಾಜ್ಯೋತ್ಸವದ ಊಟಕ್ಕೆ ಹೋಗುವಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಅಪ್ಪನ ಉಂಗುರ ಇನ್ನೂ ಕಾರಿನಲ್ಲೇ ಇದೆ, ಬೆಳಿಗ್ಗೆ ತಂದುಕೊಡಬೇಕು.