118 ಎನ್‌ಇ: ಮುಂದಿನ ಸ್ಪ್ರಿಂಗು, ಮುಂದಿನ ಶಾಕ್ಸು

16 ನವೆಂಬರ್ 2024, ಶನಿವಾರ
ಬೆಂಗಳೂರು

ಡ್ರ್ಯಾಗ್ ಓಟಕ್ಕೆ, ಅಂದರೆ ನಿಂತಲ್ಲಿಂದ ಹೊರಟು 402 ಮೀಟರ್ ನೇರ ಓಡಿಸುವ ಪಂದ್ಯಕ್ಕೆ, ತಯಾರಾಗುತ್ತಿರುವ ಕಾರಿನ ಮುಂದಿನ ಸ್ಪ್ರಿಂಗಿಗೆ ಅಡ್ವಾನ್ಸ್ ಕೊಟ್ಟಾಯಿತು. ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತುವವರು ಸೋಮವಾರ ಕನಕ ಜಯಂತಿ ರಜೆ, ಬುಧವಾರ ಬನ್ನಿ ಎಂದಿದ್ದಾರೆ. ಶಾಕ್ಸ್ (ಶಾಕ್ ಅಬ್ಸಾರ್ಬರ್) ಯಾವುದು ಎಂಬ ವಾದ ಮಾತ್ರ ರಾತ್ರಿ ಅಕ್ಕನ ಮನೆಯ ಊಟದ ತನಕ ಎಳೆಯಿತು. ಕೊನೆಗೆ ಅಕ್ಕನೇ "ಸಾರು ಆರ್ತಿದೆ, ಮೊದಲು ಉಣ್ಣಿ" ಎಂದು ನಿಲ್ಲಿಸಿದಳು.

ಕಾರು ಅಕ್ಕನ ಮಗನದು, ಪ್ರೀಮಿಯರ್ 118 ಎನ್‌ಇ. ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಫಿಯೆಟ್ 124ರ ವಂಶದ್ದು, ಹೊಟ್ಟೆಯೊಳಗೆ ನಿಸಾನ್‌ನ ಎ12 ಎಂಜಿನ್, 1985ರ ಹೊತ್ತಿಗೆ ಬಂದ ಕಾರು. ಡ್ರ್ಯಾಗ್ ಓಡಿಸುವವರು ಇನ್ನೂ ಇದನ್ನು ಹುಡುಕಿಕೊಂಡು ಹೋಗುವುದು ಹಿಂದಿನ ಚಕ್ರಕ್ಕೆ ಪವರ್ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ. ಮುಂದೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿಯಲು ಮೇಲೊಂದು ಕೆಳಗೊಂದು ಆರ್ಮ್, ಜೊತೆಗೆ ಕಾಯಿಲ್ ಸ್ಪ್ರಿಂಗ್. ಎಂಜಿನ್ನಿಗೆ ಇವನು ಏನೇನು ಮಾಡಿಸಿದ್ದಾನೆ ಎನ್ನುವುದನ್ನು ಇನ್ನೊಂದು ದಿನ ಬರೆಯುತ್ತೇನೆ, ಅದನ್ನು ಅವನ ಅಮ್ಮ ಓದುವುದು ಬೇಡ.

ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಅವನು ಶುರು ಮಾಡಿದ್ದು ಹೀಗೆ: "ಮಾಮ, ಎಷ್ಟು ಮೆತ್ತಗಿನ ಸ್ಪ್ರಿಂಗ್ ಸಿಗುತ್ತೋ ಅಷ್ಟು ಮೆತ್ತಗಿಂದೇ ಹಾಕ್ಸೋಣ. ಮೂತಿ ಎದ್ದಷ್ಟೂ ಭಾರ ಹಿಂದಕ್ಕೆ ಹೋಗುತ್ತಲ್ವಾ?"

ಎಲ್ಲರೂ ಹೀಗೇ ನಂಬಿರುತ್ತಾರೆ. ಅಮೆರಿಕದ ಹಳೇ ಕಾರುಗಳು ಮೂತಿ ಮೇಲೆತ್ತಿ ಚಿಮ್ಮುವ ವಿಡಿಯೋ ನೋಡಿ ನೋಡಿ ಬಂದ ನಂಬಿಕೆ. ಚಾಕ್‌ಪೀಸ್ ತೆಗೆದುಕೊಂಡು ಗ್ಯಾರೇಜಿನ ನೆಲದ ಮೇಲೇ ಲೆಕ್ಕ ಹಾಕಿದೆ. ಡ್ರೈವರ್ ಸೇರಿ ಕಾರು 950 ಕೆಜಿ. ಭಾರದ ಕೇಂದ್ರ ನೆಲದಿಂದ ಸುಮಾರು 500 ಮಿಮೀ ಎತ್ತರ ಎಂದಿಟ್ಟುಕೊಳ್ಳೋಣ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2420 ಮಿಮೀ. ಗೀರು ಕಡಿಮೆ ಇರುವ ಒಳ್ಳೆ ಸೆಮಿ ಸ್ಲಿಕ್ ಟೈರಿನಲ್ಲಿ 0.6 ಜಿ ಲಾಂಚ್ (ನಿಂತಲ್ಲಿಂದ ಹೊರಡುವಾಗ ಗುರುತ್ವದ 0.6 ಪಟ್ಟು ವೇಗೋತ್ಕರ್ಷ) ಸಿಕ್ಕಿತು ಎಂದರೆ, 950 × 0.6 × 500 ÷ 2420. ಸುಮಾರು 118 ಕೆಜಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಕಾರಿನ ಹೆಸರಿನ ನಂಬರೇ ಬಂತಲ್ಲ ಎಂದು ಇಬ್ಬರೂ ನಕ್ಕೆವು. ಆಮೇಲೆ ಕೇಳಿದೆ, "ಇದರಲ್ಲಿ ಸ್ಪ್ರಿಂಗ್ ಎಲ್ಲಿದೆಯೋ?"

ಇಲ್ಲವೇ ಇಲ್ಲ. ಎಷ್ಟು ಭಾರ ಹಿಂದೆ ಹೋಗಬೇಕು ಎನ್ನುವುದನ್ನು ಕಾರಿನ ತೂಕ, ಎತ್ತರ, ಉದ್ದ ಮತ್ತು ಟೈರಿನ ಹಿಡಿತ ಇವೇ ತೀರ್ಮಾನಿಸುತ್ತವೆ. ಸ್ಪ್ರಿಂಗ್ ಮೆತ್ತಗಾದರೆ ಮೂತಿ ಹೆಚ್ಚು ಏಳುತ್ತದೆ, ಅದರಿಂದ ಭಾರದ ಕೇಂದ್ರವೂ ಒಂಚೂರು ಮೇಲೆ ಹೋಗುತ್ತದೆ. ಆ ಒಂಚೂರು ಎಷ್ಟು ಎಂದು ತಿಳಿಯಲು ಈಗಿರುವ ಸ್ಪ್ರಿಂಗ್ ಬಿಚ್ಚಿ ಪೀಣ್ಯಕ್ಕೆ ಒಯ್ದೆವು.

ಅಲ್ಲಿನ ಲೋಡ್ ಟೆಸ್ಟರ್ ಮೇಲೆ ಅದು ಒಂದು ಮಿಲಿಮೀಟರ್ ಒತ್ತಲು ಹತ್ತಿರ ಹತ್ತಿರ 6 ಕೆಜಿ ಬೇಕು ಎಂದು ತೋರಿಸಿತು. ತಂತಿ 13 ಮಿಮೀ, ಕೆಲಸ ಮಾಡುವ ಸುತ್ತು ಆರು. ಸ್ಪ್ರಿಂಗಿನ ಗಡಸುತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ 13 ಇದ್ದದ್ದು 12 ಆದರೆ ಸಾಕು, ಶೇಕಡಾ 27ರಷ್ಟು ಮೆತ್ತಗಾಗಿ 6 ಇದ್ದದ್ದು 4.4ಕ್ಕೆ ಬರುತ್ತದೆ. ಒಂದು ಮಿಲಿಮೀಟರ್ ತಂತಿ ಇಷ್ಟು ಆಟ ಆಡಿಸುತ್ತದೆ. ನಮ್ಮ ಕಡೆ ಕೆಲವರು ಮೆತ್ತಗಾಗಲಿ ಎಂದು ಒಂದು ಸುತ್ತು ಕಟ್ ಮಾಡಿಸುತ್ತಾರಲ್ಲ, ಅದು ಪೂರ್ತಿ ಉಲ್ಟಾ. ಆರು ಸುತ್ತು ಐದಾದರೆ 6 ಕೆಜಿ ಇದ್ದದ್ದು 7.2 ಆಗುತ್ತದೆ. ಕಾರು ತಗ್ಗುತ್ತದೆ ನಿಜ, ಆದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿರುತ್ತದೆ. ಹೊರದೇಶದ ಸ್ಪ್ರಿಂಗ್ ಮೇಲೆ 250 ಎಂದಿದ್ದರೆ ಅದು ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ, 56ರಿಂದ ಭಾಗಿಸಿದರೆ ನಮ್ಮ ಕೆಜಿ ಲೆಕ್ಕ ಸಿಗುತ್ತದೆ.

ಸ್ಪ್ರಿಂಗಿನ 6 ಕೆಜಿ ಚಕ್ರಕ್ಕೂ 6 ಕೆಜಿಯೇ ಅಲ್ಲ. ಕೆಳಗಿನ ಆರ್ಮಿನಲ್ಲಿ ಒಳತುದಿಯ ಕೀಲಿನ ರಬ್ಬರ್ ಬುಶ್‌ನಿಂದ ಸ್ಪ್ರಿಂಗ್ ಕೂರುವ ಜಾಗಕ್ಕೆ ಎಷ್ಟು, ಚಕ್ರದ ಕಡೆಯ ಬಾಲ್ ಜಾಯಿಂಟಿಗೆ ಎಷ್ಟು ಎಂದು ಟೇಪ್ ಹಿಡಿದರೆ ಅನುಪಾತ ಸುಮಾರು 0.6 ಬಂತು. ಒತ್ತುವ ಬಲ, ಚಲಿಸುವ ದೂರ ಎರಡೂ ಇದೇ ಅನುಪಾತದಲ್ಲಿ ಇಳಿಯುವುದರಿಂದ ಅದರ ವರ್ಗ ಹಿಡಿಯಬೇಕು, 0.36. ಅಂದರೆ ಚಕ್ರದ ಹತ್ತಿರ ಈಗಿನದು 2.16 ಕೆಜಿ, 12 ಮಿಮೀ ತಂತಿಯದು 1.57. ಲಾಂಚ್‌ನಲ್ಲಿ ಒಂದೊಂದು ಮುಂಚಕ್ರದಿಂದ 59 ಕೆಜಿ ಹಗುರಾದರೆ ಮೂತಿ ಈಗ 27 ಮಿಮೀ ಏಳುತ್ತದೆ, ಹೊಸದರಲ್ಲಿ 38. ಹೆಚ್ಚಿದ್ದು 11 ಮಿಮೀ, ಭಾರದ ಕೇಂದ್ರಕ್ಕೆ ಸಿಕ್ಕಿದ್ದು ಅದರ ಅರ್ಧ. ಹಿಂದಿನ ಚಕ್ರಕ್ಕೆ ಸಿಗುವ ಹೆಚ್ಚುವರಿ ಭಾರ ಒಂದೂವರೆ ಕೆಜಿಯೂ ಇಲ್ಲ.

ಅಳಿಯನ ಮುಖ ಸಣ್ಣದಾಯಿತು. "ಮತ್ತೆ ಸ್ಪ್ರಿಂಗ್ ಯಾಕೆ ಮಾಡ್ಸೋದು?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಲಾಭ ಇರುವುದು ಎಷ್ಟು ಎನ್ನುವುದರಲ್ಲಲ್ಲ, ಯಾವಾಗ ಎನ್ನುವುದರಲ್ಲಿ. 402 ಮೀಟರ್ ಓಟದಲ್ಲಿ ಮೊದಲ 60 ಅಡಿ, ಅಂದರೆ 18 ಮೀಟರ್ ಚಿಲ್ಲರೆ, ಅಲ್ಲೇ ಟೈರ್ ಹಿಡಿಯಬೇಕು. ಕ್ಲಚ್ ಬಿಟ್ಟ ಕ್ಷಣ ಸ್ಪ್ರಿಂಗ್ ಮೂತಿಯನ್ನು ಮೇಲಕ್ಕೆ ಒದೆಯುತ್ತದೆ. ಮೂತಿ ಮೇಲ್ಮುಖವಾಗಿ ವೇಗ ಪಡೆಯುತ್ತಿರುವಷ್ಟು ಹೊತ್ತು ಟೈರುಗಳ ಮೇಲೆ ಕಾರಿನ ತೂಕಕ್ಕಿಂತ ಹೆಚ್ಚೇ ಒತ್ತಡ ಇರುತ್ತದೆ. ಆದರೆ ಅದು ಕೈಗಡ. ಮೂತಿ ನಿಲ್ಲುವಾಗ ಅಷ್ಟನ್ನೂ ವಾಪಸ್ ಕೊಡಬೇಕು. ಒಂದೇ ಏಟಿಗೆ ಕೊಡಬೇಕೋ ಕಂತಿನಲ್ಲಿ ಕೊಡಬೇಕೋ ಎಂದು ಹೇಳುವುದು ಶಾಕ್ ಅಬ್ಸಾರ್ಬರ್. ಅದರಲ್ಲಿ ರೀಬೌಂಡ್, ಅಂದರೆ ಶಾಕ್ಸ್ ಉದ್ದವಾಗುವಾಗಿನ ತಡೆ, ತೀರ ಸಡಿಲವಿದ್ದರೆ ಮೂತಿ ಹಾರಿಕೊಂಡು ಹೋಗಿ ಶಾಕ್ಸ್ ಕೊನೆ ಮುಟ್ಟಿ ಧಡ್ ಎನ್ನುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಟೈರ್ ಹಗುರಾಗಿ ಸುತ್ತುತ್ತದೆ. ತೀರ ಬಿಗಿಯಿದ್ದರೆ ಮೂತಿ ಏಳುವುದೇ ಇಲ್ಲ, ಟೈರಿಗೆ ಬೇಕಾದಾಗ ಒದೆತ ಸಿಗುವುದಿಲ್ಲ. ಮೆತ್ತಗಿನ ಉದ್ದ ಸ್ಪ್ರಿಂಗಿನ ಉಪಯೋಗ ಇಷ್ಟೇ: ಅದು ಕೂತಾಗ ಹೆಚ್ಚು ಒತ್ತಿಕೊಂಡಿರುತ್ತದೆ, ಎದ್ದಾಗ ಒತ್ತಡ ಬೇಗ ಇಳಿಯುವುದಿಲ್ಲ. ನಮ್ಮದರಲ್ಲಿ ಕೂತಾಗಿನ ಒತ್ತು 62 ಮಿಮೀ ಇದ್ದದ್ದು 86 ಆಗುತ್ತದೆ. ಹಾಗಾಗಿ ಬಿಡಿ ಉದ್ದವನ್ನು 24 ಮಿಮೀ ಹೆಚ್ಚಿಗೆ ಬರೆಸಿದ್ದೇನೆ, ಇಲ್ಲದಿದ್ದರೆ ಕಾರು ನೆಲಕ್ಕೆ ಕೂರುತ್ತಿತ್ತು. ಇನ್ನೂ ಮೆತ್ತಗಿಂದು ಬೇಡವೇ ಬೇಡ ಎಂದೆ.

ಈಗ ಶಾಕ್ಸ್. ಮೇಸ್ತ್ರಿ ಯಾರದೋ ಹಳೇ ಕಾರಿನಿಂದ ಬಿಚ್ಚಿದ 90-10 ಶಾಕ್ (ಒತ್ತಲು 90 ಪಾಲು ತಡೆ, ಎಳೆಯಲು 10) ಒಂದನ್ನು ತಂದು ವೈಸ್‌ಗೆ ಕಚ್ಚಿಸಿದರು. ರಾಡ್ ಹಿಡಿದು ಎಳೆದರೆ ಎರಡು ಬೆರಳಿಗೆ ಸಲೀಸಾಗಿ ಮೇಲೆ ಬಂತು. ವಾಪಸ್ ತಳ್ಳಲು ಅಳಿಯ ಎರಡೂ ಕೈ ಇಟ್ಟು ಮೈಭಾರ ಬಿಟ್ಟ. ಒಳಗೆ ಎಣ್ಣೆ ಸುಂಯ್ ಎನ್ನುತ್ತಾ ರಾಡ್ ಇಂಚಿಂಚೇ ಇಳಿಯಿತು, ಅವನ ತೋಳು ನಡುಗಿತು. "ಏಳೋದಕ್ಕೆ ತಡೆಯಿಲ್ಲ, ಇಳಿಯೋದಕ್ಕೆ ಬಿಡಲ್ಲ ಸಾರ್, ಅಷ್ಟೇ ಇದರ ಗುಟ್ಟು" ಎಂದರು ಮೇಸ್ತ್ರಿ. ಗೇರ್ ಬದಲಿಸುವಾಗ ಮೂತಿ ಕೆಳಗೆ ಬಿದ್ದರೆ ಹಿಂದಿನ ಟೈರ್ ಮತ್ತೆ ಹಗುರಾಗುತ್ತದೆ, ಇದು ಹಾಗೆ ಬೀಳಲು ಬಿಡುವುದಿಲ್ಲ. ಮ್ಯಾನುಯಲ್ ಗೇರಿನ ನಮ್ಮ ಕಾರಿಗೆ ಅದು ಬೇಕು.

ಆದರೂ ನನಗೆ ಈ 90-10 ಇಷ್ಟವಿಲ್ಲ. ಭಾರಿ ತೂಕದ, ಭಾರಿ ಟಾರ್ಕಿನ ಕಾರುಗಳಿಗೆ ಅದು ಹೇಳಿ ಮಾಡಿಸಿದ್ದು. ತಿರುಗಿಸಲು ಒಂದು ನಾಬ್ ಕೂಡ ಇಲ್ಲ, ಟ್ರ್ಯಾಕಿನ ಹಿಡಿತ ಬದಲಾದರೆ ಸುಮ್ಮನೆ ನೋಡುತ್ತಾ ನಿಲ್ಲಬೇಕು. ಓಟ ಮುಗಿದ ಮೇಲೆ ಬ್ರೇಕ್ ಹಾಕುವ ಜಾಗದಲ್ಲಿ, ಅದೂ ವೇಗ ಜಾಸ್ತಿ ಇರುವ ಕಡೆ, ಏಳಲು ತಡೆಯೇ ಇಲ್ಲದ ಮೂತಿ ತೇಲಾಡುವುದನ್ನು ನೋಡಿದರೆ ನನಗೆ ಭಯ. ಹಾಗಾಗಿ ರೀಬೌಂಡ್ ಅಡ್ಜಸ್ಟ್ ಮಾಡಬಹುದಾದ ಶಾಕ್ಸೇ ಆಗಬೇಕು ಎಂದೆ. ಕೋನಿ ಕಂಪನಿಯ ಹಳದಿ ಶಾಕ್ಸ್‌ನಲ್ಲಿ ತಿರುಗುವುದು ರೀಬೌಂಡ್ ಒಂದೇ, ನಮಗೆ ಮುಖ್ಯವಾಗಿ ಬೇಕಿರುವುದೂ ಅದೇ. ರೀಬೌಂಡನ್ನೂ ಒತ್ತುವಾಗಿನ ತಡೆಯನ್ನೂ ಬೇರೆ ಬೇರೆ ತಿರುಗಿಸುವ ಡಬಲ್ ಅಡ್ಜಸ್ಟಬಲ್ ಇನ್ನೂ ಒಳ್ಳೆಯದು, ಆದರೆ ದುಡ್ಡು ಇವನದಲ್ಲ, ಅವರಪ್ಪನದು. 118ಕ್ಕೆಂದೇ ಮಾಡಿದ್ದು ಸಿಗುವುದಿಲ್ಲ. ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಮೇಲಿನ ಪಿನ್ನು, ಕೆಳಗಿನ ಕಣ್ಣು ಇಷ್ಟನ್ನೂ ಅಳೆದು ಬರೆದುಕೊಂಡಿದ್ದೇವೆ. ಜೆಸಿ ರೋಡಿನಲ್ಲಿ ಒಬ್ಬರು ತರಿಸಿಕೊಡುತ್ತೇನೆ ಎಂದಿದ್ದಾರೆ.

ಶಾಕ್ಸ್ ಬರುವ ಮೊದಲು ಕಾಸು ಖರ್ಚಿಲ್ಲದ ಕೆಲಸ ಒಂದಿತ್ತು, ಅದನ್ನು ಇವತ್ತೇ ಮುಗಿಸಿದೆವು. ಆರ್ಮ್ ಬುಶ್‌ಗಳ ಬೋಲ್ಟನ್ನು ಯಾರೋ ಕಾರು ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿದ್ದರು. ರಬ್ಬರ್ ತಿರುಚಿಕೊಂಡು ಆರ್ಮನ್ನು ಹಿಡಿದಿಟ್ಟಿತ್ತು. ಸಡಿಲ ಮಾಡಿ, ಕಾರು ಇಳಿಸಿ, ಚಕ್ರದ ಮೇಲೆ ನಿಂತಾಗ ಬಿಗಿ ಮಾಡಿದರು. ಮುಂದಿನ ಆ್ಯಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಲಿಂಕನ್ನೂ ಓಟಕ್ಕೆ ಬಿಚ್ಚಿಡುವುದು ಎಂದಾಯಿತು. ಮೂತಿ 40 ಮಿಮೀ ಎದ್ದಾಗ ಟೋ, ಅಂದರೆ ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಎಷ್ಟು ಬದಲಾಗುತ್ತದೆ ಎಂದು ಹೊಸ ಸ್ಪ್ರಿಂಗ್ ಹಾಕಿದ ಮೇಲೆ ನೋಡಲೇಬೇಕು. ಅಲೈನ್‌ಮೆಂಟ್ ಅಂಗಡಿಯವರು ಕಾರು ಕೂತಿದ್ದಾಗ ಮಾತ್ರ ನೋಡಿ ಓಕೆ ಎನ್ನುತ್ತಾರೆ, ನಮಗೆ ಎದ್ದಾಗಲೂ ನೆಟ್ಟಗಿರಬೇಕು.

ಸಂಜೆ ಇವನ ಗೆಳೆಯನೊಬ್ಬ ಬಂದು ತನ್ನ ಮಾರುತಿ ಎಸ್ಟೀಮಿಗೂ ಇದೇ ಸ್ಪ್ರಿಂಗ್ ಮಾಡಿಸಬಹುದಾ ಅಂಕಲ್ ಎಂದ. ಬೇಡ ಮಗಾ, ನಿನ್ನದು ಮುಂದಿನ ಚಕ್ರ ಎಳೆಯುವ ಕಾರು, ಮೂತಿ ಎದ್ದರೆ ನಿನಗೇ ನಷ್ಟ ಎಂದೆ. ಅವನು ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸಬೇಕು, ಮುಂದೆ ರೀಬೌಂಡ್ ಬಿಗಿ ಇಡಬೇಕು. ಓಡಿಸುವುದು ಎಲ್ಲಿ ಎಂದು ಕೇಳಿದ್ದಕ್ಕೆ ರಾತ್ರಿ ಏರ್‌ಪೋರ್ಟ್ ರೋಡ್ ಎಂದ. ಅಲ್ಲಿಗೆ ನನ್ನ ಮಾತು ಮುಗಿಯಿತು.

ಬುಧವಾರ ಸ್ಪ್ರಿಂಗ್ ಬಂದ ಮೇಲೆ ಮತ್ತೆ ಟೆಸ್ಟರ್ ಮೇಲೆ ಇಟ್ಟು ನೋಡಿಯೇ ಬಾಕಿ ದುಡ್ಡು. ಶಾಕ್ಸ್ ಬಂದಾಗ ರೀಬೌಂಡ್ ಅರ್ಧದಲ್ಲಿಟ್ಟು ಶುರು ಮಾಡುವುದು, ಮಡ್‌ಗಾರ್ಡ್ ಮೇಲೆ ಅಳತೆಯ ಟೇಪ್ ಅಂಟಿಸಿ ಪಕ್ಕದಿಂದ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಹಿಡಿಯುವುದು. ಮೂತಿ ಕೊನೆ ಮುಟ್ಟಿ ಬಡಿದರೆ ಒಂದೊಂದೇ ಹೆಜ್ಜೆ ಬಿಗಿ, ಏಳಲು ತಡ ಮಾಡಿದರೆ ಸಡಿಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅಷ್ಟೂ ಪುಸ್ತಕದಲ್ಲಿ ಬರೆಯಬೇಕು ಎಂದಿದ್ದೇನೆ. ಪುಸ್ತಕ ಯಾಕೆ ಮಾಮ, ಫೋನಿದೆಯಲ್ಲ ಎಂದ. ಗ್ರೀಸ್ ಕೈಯಲ್ಲಿ ಫೋನ್ ಹಿಡಿದು ನೋಡು ಎಂದೆ.