ಮೋವರಿನ ‘3’ ಅಂದರೆ 3 ಸೆಂಟಿಮೀಟರ್ ಅಲ್ಲ

ಗರಿಕೆ ಲಾನಿನಲ್ಲಿ ದಿಬ್ಬದ ಪಟ್ಟಿ ಮಾತ್ರ ಯಾಕೆ ಕಳೆ ಹಿಡಿಯುತ್ತಿತ್ತು ಅನ್ನೋದು ಕೊನೆಗೂ ಬಗೆಹರಿಯಿತು. ಹುಲ್ಲು ಕತ್ತರಿಸುವ ಮೋವರಿನಲ್ಲಿ ಬ್ಲೇಡಿನ ಎತ್ತರ ಹೊಂದಿಸುವ ಲಿವರಿನ ಪಕ್ಕದ ‘3’ ಅಳತೆಯೇ ಅಲ್ಲ, ಬರೀ ಮೂರನೇ ಕಚ್ಚು. ಪ್ಲಗ್ ಕಿತ್ತು, ಮೋವರನ್ನು ಸಿಮೆಂಟ್ ನೆಲದ ಮೇಲಿಟ್ಟು, ಬ್ಲೇಡಿನ ಬಾಯಿಯಿಂದ ನೆಲದವರೆಗೆ ಸ್ಕೇಲ್ ಹಿಡಿದಾಗ ಸಿಕ್ಕಿದ್ದು 22 ಮಿಲಿಮೀಟರ್. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತರೆ ಇನ್ನೂ ಕಡಿಮೆ. ದಿಬ್ಬದ ನೆತ್ತಿ ಪ್ರತಿ ಸಲವೂ ಬೋಳಾಗುತ್ತಿತ್ತು. ಬೋಳು ಮಣ್ಣಿಗೆ ಬಿಸಿಲು ಬಿದ್ದರೆ ಸಣ್ಣ ಬೀಜದ ಹಲವು ಕಳೆಗಳು ಮೊಳೆಯುತ್ತವೆ, ಗರಿಕೆ ಚೇತರಿಸಿಕೊಳ್ಳುವ ಹೊತ್ತಿಗೆ ಜಾಗ ಅವುಗಳದ್ದು.

ಈಗ ಬ್ಲೇಡ್ 35 ಮಿಲಿಮೀಟರಿಗೆ ನಿಂತಿದೆ. ಹುಲ್ಲು 50 ಮುಟ್ಟಿದ ಕೂಡಲೇ ಕತ್ತರಿಸಬೇಕು. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆದರೆ ಬೇರು ಸೊರಗುತ್ತದೆ. ಮಳೆ ಹಿಡಿದು 9 ಸೆಂಟಿಮೀಟರ್ ಬೆಳೆದಿದ್ದರೆ ಮೊದಲು 6ಕ್ಕೆ ಇಳಿಸಿ, ಆಮೇಲೆ ನಾಲ್ಕು ದಿನಕ್ಕೊಮ್ಮೆ, ಆಗಿರುವ ಎತ್ತರದ ಮೂರನೇ ಒಂದು ಭಾಗ ಮೀರದಂತೆ, 4ರ ಕಡೆಗೆ ತನ್ನಿ. ಪ್ರತಿ ಸಲ ದಿಕ್ಕು ಬದಲಿಸಿ: ಚಕ್ರ ಒಂದೇ ಜಾಡಿನಲ್ಲಿ ಓಡಿ ಮಣ್ಣು ಗಟ್ಟಿಯಾದರೆ ಕಾಡುರಾಗಿ ಅನ್ನುವ ಕಳೆಹುಲ್ಲು ಅಲ್ಲೇ ಬೇರೂರುತ್ತದೆ. ಅದು ನೆಲಕ್ಕಂಟಿ ಬ್ಲೇಡಿನ ಕೆಳಗೇ ತೆನೆ ಬಿಡುವುದರಿಂದ ಮೋವರ್‌ಗೆ ಸಿಗುವುದಿಲ್ಲ, ಕೈಯಿಂದಲೇ ಕೀಳಬೇಕು. ಕಳೆ ತೆನೆಗಟ್ಟಿದ್ದರೆ ಕತ್ತರಿಸಿದ್ದನ್ನು ಚೀಲದಲ್ಲಿ ಹಿಡಿಯಿರಿ. ಇಲ್ಲದಿದ್ದರೆ ಲಾನಿನ ಮೇಲೇ ಬಿಡಿ, ಗೊಬ್ಬರವಾಗುತ್ತದೆ.

ಜೇಕು ಅನ್ನುವ ಗಡ್ಡೆ ಕಳೆಯ ಮಾತು ಬೇರೆ. ಕತ್ತರಿಸಿದ ಮೂರೇ ದಿನಕ್ಕೆ ಗರಿಕೆಗಿಂತ ಮೇಲೆ ತಲೆಯೆತ್ತುತ್ತದೆ, ಗಡ್ಡೆ ಮಣ್ಣಿನೊಳಗೆ ಸುಖವಾಗಿರುತ್ತದೆ. ಇದಕ್ಕೆ ದೂರಬೇಕಾದ್ದು ಕೆಮ್ಮಣ್ಣು ಮಾರುವವರನ್ನು: ‘ಜರಡಿ ಹಿಡಿದದ್ದು’ ಅಂತ ದುಡ್ಡು ತೆಗೆದುಕೊಂಡು ಗಡ್ಡೆ ಸಮೇತ ಲೋಡ್ ಸುರಿದು ಹೋಗುತ್ತಾರೆ. ಸುರಿಸುವ ಮೊದಲೇ ನಾಲ್ಕು ಬೊಗಸೆ ಕೆದಕಿ ನೋಡಿ.

ಬ್ಲೇಡ್ ಮೊಂಡಾಗಿದ್ದರೆ ಹುಲ್ಲಿನ ತುದಿ ಹರಿದು ಮರುದಿನವೇ ಬಿಳಿಚುತ್ತದೆ. ಅರದಿಂದ ಹಳೆಯ ಓರೆಯಲ್ಲೇ ಉಜ್ಜಿ, ನಡುವಿನ ತೂತಿಗೆ ಮೊಳೆ ಕೊಟ್ಟು ತೂಗಿ. ಒಂದು ಕಡೆ ವಾಲಿದರೆ ಆ ಕಡೆಯನ್ನೇ ಇನ್ನಷ್ಟು ಉಜ್ಜಿ, ಇಲ್ಲದಿದ್ದರೆ ಅದುರಿ ಅದುರಿ ಮೋಟಾರಿನ ಬೇರಿಂಗ್ ಹೋಗುತ್ತದೆ. ‘ಎಲ್ಲ ಮೋವರಿಗೂ ಕೂರುತ್ತೆ’ ಅನ್ನುವ ಬ್ಲೇಡನ್ನು ತೂತಿನ ಅಳತೆ ನೋಡದೆ ಕೊಳ್ಳಬೇಡಿ.

ದಿಬ್ಬದ ಸುತ್ತಲ ತಗ್ಗು ಇನ್ನೂ ಬಾಕಿ ಇದೆ. ಮೂರು ಪಾಲು ಮರಳಿಗೆ ಒಂದು ಪಾಲು ಕಾಂಪೋಸ್ಟ್ ಬೆರೆಸಿ, ಒಂದು ಸಲಕ್ಕೆ 6 ಮಿಲಿಮೀಟರ್ ಮೀರದಂತೆ ಹರಡಬೇಕು, ಹುಲ್ಲಿನ ತುದಿ ಕಾಣುತ್ತಿರಬೇಕು. ಅದಕ್ಕೆ ಜರಡಿ ಬೇಕಲ್ಲ! ಎರಡು ಹಳೆ ಸೈಕಲ್ ರಿಮ್ ನಡುವೆ 5 ಮಿಲಿಮೀಟರ್ ಜಾಲರಿ ಸುತ್ತಿ, ಕೈಹಿಡಿ ಹಾಕಿ ತಿರುಗುವ ಜರಡಿ ಮಾಡುವುದು ಮುಂದಿನ ಕೆಲಸ. ಜಾಲರಿ ಆಗಲೇ ಬಂದಿದೆ.